ಮೂಗು ಮುಚ್ಚಿದ ಇಂಜಿನ್ನು, ದಂಡ ತೆರುವ ಚಾಲಕ

ಕಳೆದ ತಿಂಗಳು ಕಡಕೊಳದ ಹೆದ್ದಾರಿ ಬದಿಯ ಒಂದು ಗ್ಯಾರೇಜಿನ ಮುಂದೆ ನಾವು ಒಂದು ಜಗಳ ಕಂಡೆವು. ಜಗಳ ಹೊಸದೇನಲ್ಲ, ಈ ರಸ್ತೆಯಲ್ಲಿ ಯಾವ ದಿನ ಬೇಕಾದರೂ ಕೇಳಸಿಗುವಂಥದು. ನಂಜನಗೂಡಿನ ಕಡೆಯಿಂದ ಸರಕು ಹೇರಿಕೊಂಡು ಬಂದ ಹತ್ತು ಚಕ್ರದ ಹಳೆಯ ಲಾರಿ. ಮಾಲೀಕರಿಗೆ ಇರುವುದು ಅದೊಂದೇ ಲಾರಿ, ಸಾಲದ ಕಂತು ಇನ್ನೂ ತೀರಿಲ್ಲ. ಚಾಲಕ ಅವರ ಬಳಿ ಏಳು ವರ್ಷದಿಂದ ಇದ್ದಾನೆ.

"ಹೋದ ವಾರ ತಾನೆ ಐದು ಲೀಟರ್ ಆಯಿಲ್ ಹಾಕ್ಸಿದೀನಿ. ಎಲ್ಲಿ ಹೋಯ್ತಯ್ಯ ಅದು? ನೆಲ ಕುಡೀತಾ?" ಎಂದು ಮಾಲೀಕರು ಕೇಳಿದರು.

"ಯಜಮಾನ್ರೇ, ನನ್ನ ಮಕ್ಕಳಾಣೆ, ಒಂದು ತೊಟ್ಟೂ ನಾನು ಮಾರಿಲ್ಲ. ಲಾರೀನೇ ಕುಡೀತಾ ಇದೆ" ಎಂದ ಚಾಲಕ.

ಮಾಲೀಕರು ಒಪ್ಪಲಿಲ್ಲ. ತಿಂಗಳ ಸಂಬಳದಲ್ಲಿ ಆ ಹಣ ಹಿಡಿದಾಗಿತ್ತು. ಗ್ಯಾರೇಜಿನ ಹುಡುಗ ಇಂಜಿನ್ನಿನ ಸುತ್ತ ಒಂದು ಸಲ ತಿರುಗಿ, "ರಿಂಗ್ ಹೋಗಿದೆ ಸಾರ್, ಬೋರ್ ಕೆಲಸ" ಎಂದುಬಿಟ್ಟ. ಬೋರ್ ಕೆಲಸವೆಂದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಸಾವಿರಗಳ ಮಾತಲ್ಲ, ಲಕ್ಷದ ಮಾತು. ಮಾಲೀಕರ ಮುಖ ಸಣ್ಣದಾಯಿತು. ಅಷ್ಟರಲ್ಲಿ ಮೂಲೆಯಲ್ಲಿ ಕುಳಿತಿದ್ದ ವಯಸ್ಸಾದ ಮೇಸ್ತ್ರಿ ಎದ್ದು ಬಂದು, ಬೇರೇನೂ ಮುಟ್ಟದೆ, ಬ್ರೀದರ್ ಪೈಪಿನ ಕ್ಲಿಪ್ಪು ಬಿಚ್ಚಿ ಪೈಪನ್ನು ಕೈಗೆ ತೆಗೆದುಕೊಂಡರು. ಅದರ ಬಾಯಿ ಡಾಂಬರಿನಂಥ ಕರಿ ಗಸಿಯಿಂದಲೂ ಧೂಳಿನಿಂದಲೂ ಮುಚ್ಚಿಹೋಗಿತ್ತು. ತುದಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದನ್ನು ತೊಳೆದು ಹಾಕುವ ಕೆಲಸ ಒಂದು ಗಂಟೆಯೂ ಹಿಡಿಯಲಿಲ್ಲ.

ಮುಂದಿನ ಎರಡು ಟ್ರಿಪ್ಪುಗಳಲ್ಲಿ ಎಣ್ಣೆ ಇಳಿದದ್ದು ಮೊದಲಿನ ಅರ್ಧದಷ್ಟೂ ಇಲ್ಲವೆಂದು ಅದೇ ಮಾಲೀಕರು ನಮಗೆ ಹೇಳಿದರು. ಹಾಗಾದರೆ ಹಿಡಿದ ಸಂಬಳ ಚಾಲಕನ ಕೈಗೆ ಮರಳಿತೆ ಎಂದು ಕೇಳಿದೆವು. ಮಾತು ಬೇರೆ ಕಡೆಗೆ ತಿರುಗಿತು.

ನಾವು ಈ ವಾರ ಬರೆಯಬೇಕೆಂದಿರುವುದು ಈ ಮಾತನ್ನೇ. ಲಕ್ಷಾಂತರ ಕಿಲೋಮೀಟರು ಓಡಿದ ಲಾರಿ ಎಣ್ಣೆ ಕುಡಿಯುತ್ತದೆ ಎಂದರೆ ಅದು ಹಣೆಬರಹವೂ ಅಲ್ಲ, ಚಾಲಕನ ಕಳ್ಳತನವೂ ಅಲ್ಲ. ಅನೇಕ ಸಲ ಅದು ಇಂಜಿನ್ನಿನ ಉಸಿರು ಕಟ್ಟಿದ್ದರ ಫಲ. ಆ ಉಸಿರನ್ನು ಮೊದಲು ಪರೀಕ್ಷೆ ಮಾಡದೆ ಇಂಜಿನ್ ಬಿಚ್ಚಿಸುವುದು ಮಾಲೀಕನಿಗೆ ನಷ್ಟ. ಪರೀಕ್ಷೆ ಮಾಡದೆ ಚಾಲಕನ ಸಂಬಳ ಹಿಡಿಯುವುದು ಅನ್ಯಾಯ.

ಈ ಪತ್ರಿಕೆಗೇಕೆ ಈ ವಿಷಯ?

ಗಿರಣಿಯ ಕಾರ್ಮಿಕರೂ ಅಂಗಡಿಯವರೂ ಓದುವ ಪತ್ರಿಕೆಯಲ್ಲಿ ಲಾರಿಯ ಬ್ರೀದರ್ ಪೈಪಿನ ಪುರಾಣವೇಕೆ ಎಂದು ಕೆಲವರು ಕೇಳಬಹುದು. ಕಡಕೊಳದಲ್ಲಿ ಒಂದು ಗಂಟೆ ನಿಂತು ನೋಡಿ ಎಂಬುದೇ ನಮ್ಮ ಉತ್ತರ. ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಊಟಿಗೂ ಕೇರಳಕ್ಕೂ ಹೋಗುವ ಸರಕೆಲ್ಲ ಈ ಊರಿನ ಎದೆಯ ಮೇಲೆಯೇ ಹಾದುಹೋಗುತ್ತದೆ. ಪಕ್ಕದ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಕಾರ್ಖಾನೆ, ಮುಂದೆ ತಾಂಡವಪುರ ಮತ್ತು ನಂಜನಗೂಡಿನ ಕೈಗಾರಿಕಾ ಪ್ರದೇಶಗಳು, ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ, ಕಡಕೊಳದಲ್ಲೇ ಕಂಟೈನರುಗಳನ್ನು ರೈಲಿನಿಂದ ರಸ್ತೆಗೂ ರಸ್ತೆಯಿಂದ ರೈಲಿಗೂ ಬದಲಿಸುವ ಸರಕು ನಿಲ್ದಾಣ. ಇವೆಲ್ಲಕ್ಕೂ ಕೈಕಾಲಾಗಿರುವುದು ಲಾರಿ. ಆ ಲಾರಿಗಳಲ್ಲಿ ಎಷ್ಟೋ ದೊಡ್ಡ ಕಂಪೆನಿಗಳವಲ್ಲ. ಸಾಲ ಮಾಡಿ, ಒಡವೆ ಅಡವಿಟ್ಟು, ಒಂದೋ ಎರಡೋ ಗಾಡಿ ಕೊಂಡವರವು.

ಆ ಲಾರಿ ನಿಂತರೆ ಗಿರಣಿಗೆ ಕಚ್ಚಾ ಮಾಲು ಬರುವುದಿಲ್ಲ, ಅಂಗಡಿಗೆ ಅಕ್ಕಿ ಬೇಳೆ ಬರುವುದಿಲ್ಲ. ಅದು ಎಣ್ಣೆ ಕುಡಿದರೆ ಆ ವೆಚ್ಚ ಬಾಡಿಗೆಗೆ ಸೇರುತ್ತದೆ. ಬಾಡಿಗೆ ಏರಿದರೆ ಚಿಲ್ಲರೆ ವ್ಯಾಪಾರಿಯ ಲಾಭ ಕರಗುತ್ತದೆ. ಕೊನೆಗೆ ತೂಕದ ತಕ್ಕಡಿಯ ಮುಂದೆ ನಿಂತ ದುಡಿಯುವ ಹೆಂಗಸಿನ ಕೈಚೀಲಕ್ಕೆ ಅದು ಬಂದು ತಟ್ಟುತ್ತದೆ. ಯಂತ್ರದ ವಿಷಯವನ್ನು ಬಲ್ಲವರಿಗೇ ಬಿಟ್ಟುಬಿಟ್ಟರೆ ದುಡಿಯುವವನು ಅವರು ಹೇಳಿದ ಬೆಲೆಯನ್ನೇ ತೆರಬೇಕಾಗುತ್ತದೆ. ಯಂತ್ರ ನಡೆಸುವವನಿಗೆ ಯಂತ್ರದ ಒಳಗು ತಿಳಿದಿರಬೇಕು ಎಂಬುದು ನಮ್ಮ ಹಳೆಯ ನಂಬಿಕೆ.

ಇಂಜಿನ್ನು ಉಸಿರಾಡುವ ಬಗೆ

ಇಂಜಿನ್ನಿನ ಸಿಲಿಂಡರಿನೊಳಗೆ ಡೀಸೆಲ್ ಉರಿದಾಗ ಹುಟ್ಟುವ ಒತ್ತಡವೇ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಉಂಗುರಗಳಿರುತ್ತವೆ, ಅವನ್ನೇ ರಿಂಗುಗಳೆನ್ನುತ್ತೇವೆ. ಎಷ್ಟೇ ಹೊಸ ಇಂಜಿನ್ನಾದರೂ ಈ ರಿಂಗುಗಳು ನೂರಕ್ಕೆ ನೂರು ಬಿಗಿಯಾಗಿರುವುದಿಲ್ಲ. ಸ್ವಲ್ಪ ಉರಿದ ಅನಿಲ ಅವುಗಳ ಸಂದಿನಿಂದ ಕೆಳಗಿಳಿದು, ಕ್ರ್ಯಾಂಕ್ ಶಾಫ್ಟು ತಿರುಗುವ ಕೋಣೆಯನ್ನು, ಅಂದರೆ ಕ್ರ್ಯಾಂಕ್ ಕೇಸನ್ನು ಸೇರುತ್ತದೆ. ನಮ್ಮ ಮೇಸ್ತ್ರಿಗಳು ಇದಕ್ಕೆ 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ಲಾರಿ ಹಳತಾದಂತೆ ರಿಂಗು, ಲೈನರು ಸವೆದು ಇದು ಹೆಚ್ಚುತ್ತದೆ. ತುಂಬಿದ ಲೋಡಿನಲ್ಲಿ ಘಾಟಿ ಹತ್ತುವಾಗ ಇನ್ನೂ ಹೆಚ್ಚುತ್ತದೆ.

ಈ ಅನಿಲ ಬರಿಗೈಯಲ್ಲಿ ಬರುವುದಿಲ್ಲ. ಮಸಿ, ನೀರಿನ ಆವಿ, ಆಮ್ಲದ ಅಂಶ ಎಲ್ಲವನ್ನೂ ಜೊತೆಗೆ ತರುತ್ತದೆ. ಕೆಳಗೆ ಕ್ರ್ಯಾಂಕ್ ಶಾಫ್ಟಿನ ಹೊಡೆತಕ್ಕೆ ಎಣ್ಣೆ ಮಂಜಿನಂತೆ ಎದ್ದಿರುತ್ತದೆ, ಅದರೊಡನೆಯೂ ಬೆರೆಯುತ್ತದೆ. ಇದಕ್ಕೆ ಹೊರಗೆ ಹೋಗಲು ದಾರಿ ಬೇಕು. ಆ ದಾರಿಯೇ ಬ್ರೀದರ್. ಹೊರಗೆ ಹೋಗುವಾಗ ಎಣ್ಣೆಯ ಹನಿಗಳನ್ನು ತಡೆದು ಚೇಂಬರಿಗೆ ಹಿಂದಿರುಗಿಸಲು ಅದರಲ್ಲಿ ತಂತಿಬಲೆಯೋ ಸೋಸುವ ಫಿಲ್ಟರೋ ಇರುತ್ತದೆ.

ಸೌದೆ ಒಲೆಯ ಅಡಿಗೆಮನೆಯನ್ನು ನೆನೆಯಿರಿ. ಹೊಗೆಗೂಡು ಚೊಕ್ಕಟವಾಗಿದ್ದರೆ ಅಡಿಗೆ ಮಾಡುವವರಿಗೆ ಹೊಗೆಯ ಕಾಟವಿಲ್ಲ. ಹೊಗೆಗೂಡಿಗೆ ಗೋಣಿ ತುರುಕಿದರೆ ಹೊಗೆ ಸುಮ್ಮನಿರುತ್ತದೆಯೆ? ಬಾಗಿಲಿನ ಸಂದಿ, ಹೆಂಚಿನ ಸಂದಿ, ಸಿಕ್ಕಿದ ಕಡೆಯಿಂದೆಲ್ಲ ನುಗ್ಗುತ್ತದೆ.

ಮೂಗು ಹಿಡಿದರೆ ಬಾಯಿ ತೆರೆಯುತ್ತದೆ

ಇಂಜಿನ್ನಿನಲ್ಲಿ ಆಗುವುದೂ ಇದೇ. ಬ್ರೀದರ್ ಎಂಬ ಮೂಗು ಮುಚ್ಚಿದರೆ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ಏರುತ್ತದೆ, ಏರಿದ ಒತ್ತಡ ಎಣ್ಣೆಯನ್ನು ಹೊರಗೆ ತಳ್ಳುತ್ತದೆ. ಕ್ರ್ಯಾಂಕ್ ಶಾಫ್ಟಿನ ಮುಂದಿನ ಹಿಂದಿನ ಆಯಿಲ್ ಸೀಲು ಜಿನುಗುತ್ತದೆ. ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ಟು ಬೆವರುತ್ತದೆ. ಎಣ್ಣೆ ಅಳೆಯುವ ಕಡ್ಡಿ ತಾನಾಗಿ ಮೇಲೆದ್ದು ಕೂರುತ್ತದೆ. ಮಾಲೀಕ ಸೀಲು ಬದಲಾಯಿಸುತ್ತಾನೆ. ಎರಡು ತಿಂಗಳಿಗೆ ಹೊಸ ಸೀಲೂ ಸೋರುತ್ತದೆ. ಸೀಲು ಮಾಡಿದವನನ್ನು ಬಯ್ಯುತ್ತಾನೆ, ಹಾಕಿದವನನ್ನು ಬಯ್ಯುತ್ತಾನೆ. ಮೂಗಿನ ಕಡೆ ಯಾರೂ ನೋಡುವುದಿಲ್ಲ.

ಟರ್ಬೊ ಇರುವ ಲಾರಿಯಲ್ಲಿ ಇನ್ನೊಂದು ಮೋಸವಿದೆ. ಟರ್ಬೊದ ಬೇರಿಂಗಿಗೆ ಎಣ್ಣೆ ಒತ್ತಡದಿಂದ ಬರುತ್ತದೆ, ಆದರೆ ಅಲ್ಲಿಂದ ಚೇಂಬರಿಗೆ ಮರಳುವುದು ತನ್ನ ಭಾರದಿಂದ ಮಾತ್ರ. ಕೆಳಗೆ ಒತ್ತಡ ಏರಿದಾಗ ಆ ಎಣ್ಣೆ ಇಳಿಯಲಾರದೆ ಟರ್ಬೊದಲ್ಲೇ ನಿಂತು, ಸೀಲು ದಾಟಿ ಹೊಗೆಕೊಳವೆಗೋ ಗಾಳಿಕೊಳವೆಗೋ ಸೇರುತ್ತದೆ. ಲಾರಿ ನೀಲಿ ಹೊಗೆ ಬಿಡುತ್ತದೆ. 'ಟರ್ಬೊ ಹೋಯಿತು' ಎಂದು ಹೊಸ ಟರ್ಬೊ ಹಾಕಿಸುತ್ತಾರೆ. ಮೂಗು ಮುಚ್ಚಿಯೇ ಇರುವುದರಿಂದ ಹೊಸ ಟರ್ಬೊ ಕೂಡ ಎಣ್ಣೆ ಉಗುಳತೊಡಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಇದಕ್ಕಿಂತ ಅಪಾಯದ್ದೂ ಒಂದಿದೆ. ಗಾಳಿಕೊಳವೆಗೆ ಅತಿಯಾಗಿ ಎಣ್ಣೆ ಸೇರಿದರೆ ಡೀಸೆಲ್ ಇಂಜಿನ್ನು ಆ ಎಣ್ಣೆಯನ್ನೇ ಉರಿಸಿಕೊಂಡು ಹುಚ್ಚು ವೇಗಕ್ಕೆ ಏರಬಹುದು. ಆಗ ಡೀಸೆಲ್ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಬ್ರೀದರಿನ ಮಾತು ಕೇವಲ ಎಣ್ಣೆಯ ಕಾಸಿನ ಮಾತಲ್ಲ.

ಹಳೆಯ ಲಾರಿ, ಹೊಸ ಲಾರಿ

ನಮ್ಮ ದೇಶದಲ್ಲಿ 1954ರಲ್ಲಿ ಜಮಶೇಡ್‌ಪುರದಿಂದ ಟಾಟಾ-ಮರ್ಸಿಡಿಸ್ ಲಾರಿಗಳು ಹೊರಬಂದ ಕಾಲಕ್ಕೆ ಬ್ರೀದರ್ ಎಂದರೆ ಇಂಜಿನ್ನಿನ ಪಕ್ಕದಿಂದ ಕೆಳಕ್ಕೆ ಇಳಿಬಿಟ್ಟ ಒಂದು ಕೊಳವೆ. ಲಾರಿ ಓಡುವಾಗ ಗಾಳಿಯ ಸೆಳೆತಕ್ಕೆ ಒಳಗಿನ ಆವಿ ಹೊರಗೆ ಹೋಗುತ್ತಿತ್ತು. ನಿಂತಾಗ ತೊಟ್ಟು ತೊಟ್ಟಾಗಿ ಎಣ್ಣೆ ರಸ್ತೆಗೆ ಬೀಳುತ್ತಿತ್ತು. ಹೀಗೆ ಹೊರಗೆ ಬಿಟ್ಟ ಆವಿ ಊರಿನ ಗಾಳಿಯನ್ನು ಕೆಡಿಸುತ್ತದೆ ಎಂಬುದನ್ನು ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾ. ಅಲ್ಲಿ 1961ರ ಮಾದರಿಯ ಕಾರುಗಳಿಂದ ಈ ಆವಿಯನ್ನು ಮತ್ತೆ ಇಂಜಿನ್ನಿಗೇ ಎಳೆದು ಉರಿಸುವ ಏರ್ಪಾಡು ಬಂತು. 1963ರ ಹೊತ್ತಿಗೆ ಅದು ಆ ದೇಶದ ಉಳಿದ ಕಾರುಗಳಿಗೂ ಹರಡಿತು.

ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮಗಳು ದೇಶದಾದ್ಯಂತ ಬಂದವು. ಹೊಸ ಲಾರಿಗಳಲ್ಲಿ ಅನೇಕವು ಈ ಆವಿಯನ್ನು ರಸ್ತೆಗೆ ಬಿಡುವುದಿಲ್ಲ. ಎಣ್ಣೆಯನ್ನು ಬೇರ್ಪಡಿಸುವ ಸೆಪರೇಟರಿನಲ್ಲಿ ಸೋಸಿ, ಎಣ್ಣೆಯನ್ನು ಚೇಂಬರಿಗೆ ಇಳಿಸಿ, ಆವಿಯನ್ನು ಟರ್ಬೊದ ಬಾಯಿಗೆ ಸೇರಿಸುತ್ತವೆ. ಊರಿನ ಗಾಳಿಗೆ ಇದು ಒಳ್ಳೆಯದೇ. ಆದರೆ ಹಳೆಯ ಕೊಳವೆಯಲ್ಲಿ ತಪ್ಪಾದರೆ ಕಣ್ಣಿಗೆ ಕಾಣುತ್ತಿತ್ತು, ಹೊಸದರಲ್ಲಿ ಎಲ್ಲವೂ ಮುಚ್ಚಿದ ಡಬ್ಬಿಯೊಳಗೆ ನಡೆಯುತ್ತದೆ. ಆ ಡಬ್ಬಿಯ ಫಿಲ್ಟರು ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಒತ್ತಡ ಹಿಡಿತದಲ್ಲಿಡುವ ರಬ್ಬರಿನ ಪೊರೆ ಹರಿದರೆ ಎಣ್ಣೆ ಮಿತಿಮೀರಿ ಒಳಗೆ ಸೆಳೆಯಲ್ಪಡುತ್ತದೆ. ಗಾಡಿ ಮಾಡಿದವರ ಕೈಪಿಡಿಯಲ್ಲಿ ಈ ಫಿಲ್ಟರನ್ನು ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂದು ಬರೆದಿರುತ್ತದೆ. ಎರಡನೆಯ ಕೈಯೋ ಮೂರನೆಯ ಕೈಯೋ ಲಾರಿ ಕೊಂಡವನಿಗೆ ಆ ಕೈಪಿಡಿ ಸಿಕ್ಕಿರುವುದೇ ಇಲ್ಲ.

ಬಿಎಸ್-6 ಲಾರಿಯಲ್ಲಿ ಎಣ್ಣೆ ಉರಿದರೆ ನಷ್ಟ ಎರಡು ಪಟ್ಟು. ಹೊಗೆಯ ಮಸಿಯನ್ನು ಹಿಡಿಯುವ ಡಿಪಿಎಫ್ ಎಂಬ ಶೋಧಕದಲ್ಲಿ ಮಸಿಯನ್ನು ಮತ್ತೆ ಸುಟ್ಟು ತೆಗೆಯಬಹುದು. ಆದರೆ ಇಂಜಿನ್ ಎಣ್ಣೆಯಲ್ಲಿರುವ ಲೋಹದ ಅಂಶ ಉರಿದು ಉಳಿಯುವ ಬೂದಿ ಸುಡುವುದಿಲ್ಲ. ಅದು ಶೋಧಕವನ್ನೇ ಮುಚ್ಚುತ್ತದೆ. ಈ ಲಾರಿಗಳಿಗೆ ಬೂದಿ ಕಡಿಮೆ ಬರುವ ಎಣ್ಣೆಯನ್ನೇ ಹಾಕಬೇಕೆನ್ನುವುದು ಇದಕ್ಕಾಗಿ. ಅಗ್ಗವೆಂದು ಯಾವುದೋ ಎಣ್ಣೆ ಹಾಕಿದವನು ಕಾಸು ಉಳಿಸಿ ರೂಪಾಯಿ ಕಳೆದುಕೊಳ್ಳುತ್ತಾನೆ.

ಬಿಚ್ಚುವ ಮೊದಲು ನೋಡಿ

ಹಾಗಾದರೆ ಲಾರಿ ಎಣ್ಣೆ ಕುಡಿಯುತ್ತಿದೆ ಎಂದಾಗ ಏನು ಮಾಡಬೇಕು? ಕಡಿಮೆ ಖರ್ಚಿನದನ್ನು ಮೊದಲು ನೋಡಿ, ಹೆಚ್ಚು ಖರ್ಚಿನದನ್ನು ಕೊನೆಗಿಡಿ. ಬುದ್ಧಿವಂತ ಗೃಹಿಣಿ ಸಂಸಾರ ನಡೆಸುವುದೂ ಹೀಗೆಯೇ.

ಮೊದಲು ಎಣ್ಣೆಯ ಮಟ್ಟ. ಲಾರಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಎಣ್ಣೆ ಕೆಳಗಿಳಿಯಲು ಹತ್ತು ಹದಿನೈದು ನಿಮಿಷ ಬಿಟ್ಟು ಕಡ್ಡಿ ನೋಡಿ. ಓಡಿ ಬಂದ ತಕ್ಷಣ ನೋಡಿದರೆ ಎಣ್ಣೆ ಕಡಿಮೆ ಕಾಣುತ್ತದೆ. ಕಡಿಮೆ ಕಂಡಿತೆಂದು ಮೇಲಕ್ಕೆ ಹಾಕುತ್ತಾರೆ. ಮೇಲಿನ ಗೆರೆ ದಾಟಿದ ಎಣ್ಣೆಯನ್ನು ಕ್ರ್ಯಾಂಕ್ ಶಾಫ್ಟು ಕಡೆದು ನೊರೆ ಮಾಡಿ ಬ್ರೀದರಿನಿಂದಲೇ ಹೊರಗೆ ಕಳಿಸುತ್ತದೆ. 'ಇರಲಿ, ಸ್ವಲ್ಪ ಹೆಚ್ಚು ಹಾಕು' ಎಂಬ ಧಾರಾಳವೇ ಎಷ್ಟೋ ಲಾರಿಗಳು ಎಣ್ಣೆ ಕುಡಿಯಲು ಕಾರಣ.

ಎರಡನೆಯದು ಬ್ರೀದರ್. ಪೈಪನ್ನು ಬಿಚ್ಚಿ ಆ ತುದಿಯಿಂದ ಈ ತುದಿಗೆ ನೋಡಿ. ಒಳಪದರ ಊದಿಕೊಂಡು ಮುಚ್ಚಿದೆಯೆ, ಎಲ್ಲಾದರೂ ಮಡಿಸಿಕೊಂಡಿದೆಯೆ, ಹುಳು ಗೂಡು ಕಟ್ಟಿದೆಯೆ? ತಂತಿಬಲೆಯ ಬ್ರೀದರಾದರೆ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕಾಗದದ ಅಥವಾ ನಾರಿನ ಫಿಲ್ಟರಾದರೆ ತೊಳೆಯಬೇಡಿ, ಗಾಳಿ ಹೊಡೆಯಬೇಡಿ, ಹೊಸದನ್ನೇ ಹಾಕಿ.

ಮೂರನೆಯದು ಒತ್ತಡದ ಅಳತೆ. ಇದಕ್ಕೆ ಭಾರಿ ಯಂತ್ರ ಬೇಡ. ಪಾರದರ್ಶಕವಾದ ಪ್ಲಾಸ್ಟಿಕ್ ಪೈಪನ್ನು ಇಂಗ್ಲಿಷಿನ 'ಯು' ಅಕ್ಷರದ ಹಾಗೆ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿಯನ್ನು ಕಡ್ಡಿಯ ತೂತಿಗೆ ಗಾಳಿ ಸೋರದಂತೆ ಜೋಡಿಸಿ, ಇನ್ನೊಂದು ತುದಿಯನ್ನು ತೆರೆದಿಡಿ. ಇಂಜಿನ್ನು ಬಿಸಿಯಾದ ಮೇಲೆ ನಡೆಸಿದರೆ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒಳಗಿನ ಒತ್ತಡ. ಕೈಪಿಡಿಯ ಮಿತಿಯೊಡನೆ ಹೋಲಿಸಿ. ಬ್ರೀದರ್ ಶುಚಿ ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಒಂದು ಸಲ ಅಳೆಯಿರಿ. ಒತ್ತಡ ಮಿತಿಗೆ ಇಳಿದರೆ ತಪ್ಪು ಮೂಗಿನದು. ಇಳಿಯದಿದ್ದರೆ ರಿಂಗು, ಲೈನರು, ಟರ್ಬೊದ ಸೀಲು, ಬ್ರೇಕಿನ ಗಾಳಿ ತುಂಬುವ ಕಂಪ್ರೆಸ್ಸರು ಇವುಗಳ ಕಡೆ ನೋಡಬೇಕು.

ಆ ಕಂಪ್ರೆಸ್ಸರಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇವೆ: ಗಾಳಿ ಟ್ಯಾಂಕಿನ ಕೆಳಗಿನ ಕೊಳಾಯಿ ಬಿಟ್ಟಾಗ ಎಣ್ಣೆ ಧಾರಾಳವಾಗಿ ಬಂದರೆ ಇಂಜಿನ್ ಎಣ್ಣೆ ಹೋಗುತ್ತಿರುವುದು ಆ ದಾರಿಯಲ್ಲಿ. ಗಾಳಿ ಶೋಧಕ ಧೂಳಿನಿಂದ ಕಟ್ಟಿದ್ದರೂ ಟರ್ಬೊ ಎಣ್ಣೆಯನ್ನು ಸೆಳೆಯುತ್ತದೆ. ಇವೆಲ್ಲ ನೋಡಿದ ಮೇಲೆ ಮಾತ್ರ ಕಂಪ್ರೆಷನ್ ಅಳತೆ, ಆಮೇಲೆ ಬೋರ್ ಕೆಲಸದ ಮಾತು.

ಎಣ್ಣೆ ಹಾಕುವ ಮುಚ್ಚಳದ ಕೆಳಗೆ ಮೊಸರಿನಂಥ ಬಿಳಿ ಕೆನೆ ಕಂಡರೆ ಗಾಬರಿಯಾಗಬೇಡಿ, ಉದಾಸೀನವನ್ನೂ ಮಾಡಬೇಡಿ. ಚಳಿಗಾಲದಲ್ಲಿ, ಇಂಜಿನ್ನು ಪೂರ್ತಿ ಬಿಸಿಯಾಗದಷ್ಟು ಸಣ್ಣ ಟ್ರಿಪ್ಪುಗಳಲ್ಲಿ, ನೀರಿನ ಆವಿ ತಣಿದು ಎಣ್ಣೆಯೊಡನೆ ಬೆರೆತು ಹೀಗಾಗುತ್ತದೆ. ಬ್ರೀದರ್ ಕಟ್ಟಿದ್ದರೆ ಇನ್ನೂ ಹೆಚ್ಚು. ಆದರೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಕೂಡಲೇ ತೋರಿಸಬೇಕು.

ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿ ಸಂಚಾರಕ್ಕೆ ತಡೆಯಿದೆ. ಪ್ರಾಣಿಗಳ ಜೀವಕ್ಕಾಗಿ ಬಂದ ಆ ನಿಯಮದ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಹೊತ್ತು ಮೀರಿ ಬಂದು ಗುಂಡ್ಲುಪೇಟೆಯ ಕಡೆ ಕಾಯುವ ಚಾಲಕರಿಗೆ ಒಂದು ಮಾತು: ಇಂಜಿನ್ನನ್ನು ಗಂಟೆಗಟ್ಟಲೆ ಸುಮ್ಮನೆ ತಿರುಗಲು ಬಿಡಬೇಡಿ. ಲೋಡಿಲ್ಲದೆ ತಣ್ಣಗೆ ತಿರುಗುವ ಇಂಜಿನ್ನಿನಲ್ಲಿ ರಿಂಗಿಗೆ ಮಸಿ ಹಿಡಿಯುತ್ತದೆ, ಬ್ರೀದರಿಗೆ ಗಸಿ ಹಿಡಿಯುತ್ತದೆ.

ಮಾಡಬಾರದ ಉಪಾಯಗಳು

ಬ್ರೀದರಿನಿಂದ ಎಣ್ಣೆ ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಬಟ್ಟೆ ತುರುಕುವವರಿದ್ದಾರೆ. ಮೂಗು ಸೋರುತ್ತದೆಂದು ಮಗುವಿನ ಮೂಗು ಹೊಲಿದಂತಾಯಿತು. ಹೊಸ ಲಾರಿಯ ಪೈಪನ್ನು ಟರ್ಬೊದಿಂದ ಕಿತ್ತು ರಸ್ತೆಗೆ ಇಳಿಬಿಡುವವರಿದ್ದಾರೆ. ಟರ್ಬೊದ ಬಾಯಲ್ಲಿ ಉಳಿದ ತೂತಿನಿಂದ ಸೋಸದ ಧೂಳು ಒಳಗೆ ಹೋಗಿ ರಿಂಗನ್ನು ಬೇಗ ತಿನ್ನುತ್ತದೆ. ಎಣ್ಣೆ ಗಟ್ಟಿ ಮಾಡುವ ಡಬ್ಬಿ ಔಷಧ ಮಾರುವವರ ಮಾತು ಕೇಳಿ ತಿಂಗಳು ತಿಂಗಳೂ ಹಣ ಸುರಿಯುವವರಿದ್ದಾರೆ. ರಿಂಗು ನಿಜವಾಗಿ ಹೋಗಿದ್ದರೆ ಬ್ರೀದರ್ ಎಷ್ಟು ತೊಳೆದರೂ ಸಾಲದು, ಡಬ್ಬಿಯೂ ಸಾಲದು, ಬೋರ್ ಕೆಲಸವೇ ಬೇಕು. ಇದನ್ನು ನಾವು ಮುಚ್ಚಿಡುವುದಿಲ್ಲ. ನಾವು ಹೇಳುವುದು ಇಷ್ಟೇ: ಆ ತೀರ್ಪು ಅಳತೆಯಿಂದ ಬರಲಿ, ಅಂದಾಜಿನಿಂದ ಬೇಡ.

ಲೆಕ್ಕವಿಲ್ಲದ ಕಡೆ ಕಳ್ಳತನದ ಮಾತು

ಈಗ ಮೊದಲ ಜಗಳಕ್ಕೆ ಬರೋಣ. ಮಾಲೀಕನ ಬಳಿ ಎಣ್ಣೆಯ ಲೆಕ್ಕವಿತ್ತೆ? ಇರಲಿಲ್ಲ. ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರು ಇಳಿಯುತ್ತದೆ ಎಂದು ಬರೆದಿಟ್ಟಿದ್ದರೆ ಅದು ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಬಂದದ್ದು ಕಾಣುತ್ತಿತ್ತು. ಕಳ್ಳತನ ಮೆಲ್ಲನೆ ಮೆಲ್ಲನೆ ಏರುವುದಿಲ್ಲ. ಯಂತ್ರದ ಸವೆತ ಹಾಗೆ ಏರುತ್ತದೆ. ಎರಡು ರೂಪಾಯಿಯ ಪುಸ್ತಕದ ಹಾಳೆ ಏಳು ವರ್ಷದ ನಂಬಿಕೆಯನ್ನು ಉಳಿಸುತ್ತಿತ್ತು.

ಲೆಕ್ಕವನ್ನು ಹೀಗೆ ಇಡಬಹುದು. ಒಂದು ಲಾರಿ ತಿಂಗಳಿಗೆ 6,000 ಕಿಲೋಮೀಟರು ಓಡುತ್ತದೆ ಎನ್ನೋಣ. 1,000 ಕಿಲೋಮೀಟರಿಗೆ 1 ಲೀಟರು ಇಳಿದರೆ ತಿಂಗಳಿಗೆ 6 ಲೀಟರು. ಬ್ರೀದರ್ ಕಟ್ಟಿ ಅದು 2 ಲೀಟರಾದರೆ ತಿಂಗಳಿಗೆ 12. ಲೀಟರಿಗೆ 350 ರೂಪಾಯಿ ಎಂದು ಹಿಡಿದರೂ ಹೆಚ್ಚಿನ 6 ಲೀಟರಿಗೆ ತಿಂಗಳಿಗೆ 2,100 ರೂಪಾಯಿ, ವರ್ಷಕ್ಕೆ 25,200 ರೂಪಾಯಿ. ಇದು ಚಾಲಕನ ಜೇಬಿಗೂ ಹೋಗಲಿಲ್ಲ, ಮಾಲೀಕನ ಪೆಟ್ಟಿಗೆಗೂ ಬರಲಿಲ್ಲ. ಹೊಗೆಯಾಗಿ ಹೋಯಿತು, ರಸ್ತೆಯ ಮೇಲೆ ಸೋರಿಹೋಯಿತು.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. ಕಾರ್ಮಿಕನ ವಶಕ್ಕೆ ಕೊಟ್ಟ ವಸ್ತು ನಷ್ಟವಾದರೆ, ಆ ನಷ್ಟ ನೇರವಾಗಿ ಅವನ ನಿರ್ಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು. ಅದೂ ಕಾರಣ ಹೇಳಲು ಅವನಿಗೆ ಅವಕಾಶ ಕೊಟ್ಟ ಮೇಲೆ, ಆದ ನಷ್ಟಕ್ಕಿಂತ ಹೆಚ್ಚಾಗದಂತೆ. 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ಈ ತತ್ವ 2019ರ ವೇತನ ಸಂಹಿತೆಯಲ್ಲೂ ಉಳಿದಿದೆ. ಬ್ರೀದರನ್ನು ಬಿಚ್ಚಿ ನೋಡದೆ, ಒಂದು ಅಳತೆಯನ್ನೂ ಮಾಡದೆ, ರಸ್ತೆ ಬದಿಯಲ್ಲಿ ನಿಂತು 'ನೀನೇ ಮಾರಿದ್ದೀಯೆ' ಎನ್ನುವುದು ವಿಚಾರಣೆಯಲ್ಲ. ಆ ಚಾಲಕ ಕಳೆದುಕೊಂಡದ್ದು ಹಣ ಮಾತ್ರವಲ್ಲ. ನಾಲ್ಕು ಜನರ ಮುಂದೆ ಕಳ್ಳನೆನಿಸಿಕೊಂಡ.

ಆದರೆ ಒಂದೇ ಲಾರಿಯ ಮಾಲೀಕನನ್ನು ರಾಕ್ಷಸನೆಂದು ಚಿತ್ರಿಸುವುದೂ ಸರಿಯಲ್ಲ. ಅವನೂ ಕಂತಿನ ಉರುಳಿನಲ್ಲಿ ಸಿಕ್ಕಿಬಿದ್ದವನೇ. ದೊಡ್ಡ ಕಂಪೆನಿಗಳು ಬಾಡಿಗೆಯನ್ನು ಒತ್ತಿ ಒತ್ತಿ ಇಳಿಸಿದಾಗ ಅವನು ಮೊದಲು ಕತ್ತರಿಸುವುದು ದುರಸ್ತಿಯ ಖರ್ಚನ್ನು. ದುರಸ್ತಿ ತಪ್ಪಿದ ಲಾರಿಯ ನಷ್ಟ ಅವನಿಗಿಂತ ಕೆಳಗಿರುವವನ ತಲೆಗೆ ಇಳಿಯುತ್ತದೆ. ಮೇಲಿನವರು ಉಳಿಸಿದ ಕಾಸನ್ನು ಕೆಳಗಿನವರು ಹೀಗೆ ತೆರುತ್ತಾರೆ.

ಗಾಳಿಯ ಮಾತು

ಇನ್ನೊಂದು ತೆರಿಗೆಯನ್ನು ಎಲ್ಲರೂ ತೆರುತ್ತಿದ್ದೇವೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರ ಜೂನ್‌ನಲ್ಲಿ ಖಚಿತವಾಗಿ ಸಾರಿತು. ಹೊಗೆ ತಪಾಸಣೆಯ ಸಲಕರಣೆಯನ್ನು ಸೈಲೆನ್ಸರಿನ ಕೊಳವೆಗೆ ಇಡುತ್ತಾರೆ. ಹಳೆಯ ಲಾರಿಯ ಬ್ರೀದರಿನಿಂದ ಏಳುವ ಎಣ್ಣೆಯ ಹೊಗೆಯನ್ನು ಅದು ನೋಡುವುದೇ ಇಲ್ಲ. ಅದನ್ನು ನೋಡುವುದು ಗ್ಯಾರೇಜಿನ ಹುಡುಗನ ಶ್ವಾಸಕೋಶ, ರಸ್ತೆ ಬದಿಯ ಚಹಾ ಅಂಗಡಿಯವನ ಶ್ವಾಸಕೋಶ. ಬಿಚ್ಚಿದ ಹಳೆಯ ಎಣ್ಣೆಯನ್ನು ಚರಂಡಿಗೆ ಚೆಲ್ಲಿದರೆ ಮಣ್ಣೂ ಬಾವಿಯ ನೀರೂ ಕೆಡುತ್ತವೆ. ಬಳಸಿದ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಸಾಲಿನಲ್ಲೇ ಇಟ್ಟಿವೆ. ಅದನ್ನು ಡ್ರಮ್ಮಿನಲ್ಲಿ ತುಂಬಿ ಪರವಾನಗಿ ಇರುವವರಿಗೇ ಕೊಡಬೇಕು.

ಏನಾಗಬೇಕು?

ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ರಂದು ಸರ್ಕಾರಿ ಸಾರಿಗೆ ಇಲಾಖೆ ಆರಂಭವಾಗಿ, 1961ರ ಆಗಸ್ಟ್ 1ರಿಂದ ಅದು ನಿಗಮವಾಯಿತು. ಆ ನಿಗಮದ ಡಿಪೋಗಳಲ್ಲಿ ಇಂತಿಷ್ಟು ಓಡಿದ ಮೇಲೆ ಇಂತಿಂಥ ತಪಾಸಣೆ ಎಂಬ ಪದ್ಧತಿಯಿದೆ, ಬಸ್ಸಿಗೊಂದು ಲೆಕ್ಕವಿದೆ. ಎಷ್ಟು ಕೊರತೆಗಳಿದ್ದರೂ ಸಾರ್ವಜನಿಕ ಸಂಸ್ಥೆಯೊಂದು ಕಲಿಸಿದ ಒಳ್ಳೆಯ ಪಾಠ ಅದು. ಒಂದು ಲಾರಿಯ ಮಾಲೀಕನಿಗೆ ಡಿಪೋ ಇಲ್ಲ. ಆದರೆ ಹತ್ತು ಜನ ಸೇರಿದರೆ ಡಿಪೋದ ಪದ್ಧತಿಯನ್ನು ತರಬಹುದು.

ಕಡಕೊಳದ ಲಾರಿ ಮಾಲೀಕರೂ ಚಾಲಕರೂ ಮೇಸ್ತ್ರಿಗಳೂ ಒಟ್ಟಿಗೆ ಕುಳಿತು ಮೂರು ಮಾತು ನಿಶ್ಚಯಿಸಬೇಕೆಂದು ನಾವು ಕೇಳುತ್ತೇವೆ. ಪ್ರತಿ ಲಾರಿಗೂ ಎಣ್ಣೆಯ ಪುಸ್ತಕವಿರಲಿ. ಹಾಕಿದ ದಿನ, ಕಿಲೋಮೀಟರು, ಲೀಟರು ಬರೆದು ಮಾಲೀಕ, ಚಾಲಕ ಇಬ್ಬರೂ ರುಜು ಮಾಡಲಿ. ಎಣ್ಣೆ ಬದಲಿಸುವ ಪ್ರತಿ ಸಲವೂ ಬ್ರೀದರ್ ಬಿಚ್ಚಿ ನೋಡಲಿ. ನೀರಿನ ಪೈಪಿನ ಅಳತೆಹಲಗೆಯೊಂದನ್ನು ಹಂಚಿಕೊಂಡು ಮಾಡಿಸಿಕೊಳ್ಳಲಿ. ಅಳತೆಯಾಗದೆ ಯಾವ ಚಾಲಕನ ಸಂಬಳದಿಂದಲೂ ಒಂದು ಕಾಸು ಹಿಡಿಯಬಾರದು. ಹಿಡಿದದ್ದು ತಪ್ಪೆಂದು ತಿಳಿದರೆ ಆ ದಿನವೇ ಹಿಂದಿರುಗಿಸಬೇಕು.

ಇಲ್ಲಿನ ಕಾರ್ಖಾನೆಗಳವರಿಗೂ ಒಂದು ಮಾತು. ನಿಮ್ಮ ಯಂತ್ರಗಳ ದುರಸ್ತಿಗೆ ನೀವು ವರ್ಷದ ಖರ್ಚಿನಲ್ಲಿ ಹಣ ತೆಗೆದಿಡುತ್ತೀರಿ. ನಿಮ್ಮ ಸರಕು ಹೊರುವ ಲಾರಿಯ ದುರಸ್ತಿಗೂ ಎಡೆಯಿರುವಂಥ ಬಾಡಿಗೆ ಕೊಡಿ.

ಆ ಮುದುಕ ಮೇಸ್ತ್ರಿ ಪೈಪು ತೊಳೆದು ಹಾಕಿ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಒಂದೇ ಮಾತು: "ಗಾಡಿಗೂ ಉಸಿರಾಡೋಕೆ ಬಿಡ್ರಪ್ಪಾ." ಚಾಲಕನ ಸಂಬಳ ಇನ್ನೂ ಮರಳಿಲ್ಲ. ಅದು ಅವನ ಕೈ ಸೇರಿದ ದಿನ ಈ ಪತ್ರಿಕೆಯಲ್ಲಿ ಬರೆಯಲು ನಮಗೆ ಸಂತೋಷ.